ದೀಪವಿಲ್ಲದ ಮದರ್‌ಬೋರ್ಡ್

ಅಹಮದಾಬಾದಿನ ರಿಲೀಫ್ ರಸ್ತೆಗೆ ಕಂಪ್ಯೂಟರಿನ ಬಿಡಿಭಾಗ ಕೊಳ್ಳಲು ಹೋದ ಕನ್ನಡಿಗರಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ನೆನಪಾಗದೆ ಇರದು. ಅದೇ ಇಕ್ಕಟ್ಟು, ಅದೇ ಗದ್ದಲ, ಗಿರಾಕಿಯ ಮುಖ ನೋಡಿಯೇ ಜೇಬಿನ ಆಳವನ್ನು ಅಳೆಯುವ ಅದೇ ಜಾಣ್ಮೆ. ಮೊನ್ನೆ ನಾವು ಅಲ್ಲಿ ಮದರ್‌ಬೋರ್ಡ್ ವಿಚಾರಿಸಿದಾಗ ಅಂಗಡಿಯವನು ಗಾಜಿನ ಪೆಟ್ಟಿಗೆಯೊಂದರ ಕಡೆಗೆ ಕೈ ತೋರಿಸಿದ. ಒಳಗೆ ಕೆಂಪು, ನೀಲಿ, ನೇರಳೆ ದೀಪಗಳು ದಸರೆಯ ಮೈಸೂರಿನಂತೆ ಮಿನುಗುತ್ತಿದ್ದವು. “ಸಾಹೇಬ್, ಗೇಮಿಂಗ್ ಎಂದರೆ ಇದೇ ಬೋರ್ಡು.” ಬೆಲೆ 34 ಸಾವಿರ ರೂಪಾಯಿ.

ಇಡೀ ಕಂಪ್ಯೂಟರಿಗೆ ನಾವು ಎತ್ತಿಟ್ಟಿದ್ದದ್ದು ಒಂದೂಕಾಲು ಲಕ್ಷ. ಮಗನಿಗೆ ಆಟ, ಮಗಳಿಗೆ ಚಿತ್ರ. ಅವಳಿಗೆ ವಡೋದರದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗವನ್ನು ಸೇರುವ ಹಂಬಲ. 1950ರಲ್ಲಿ ಆರಂಭವಾದ ಆ ವಿಭಾಗದಲ್ಲಿಯೇ ಬೆಂಗಳೂರಿನ ಪುಷ್ಪಮಾಲಾ ಎನ್. ಅವರೂ ಮೈಸೂರಿನ ಎನ್. ಎಸ್. ಹರ್ಷ ಅವರೂ ಓದಿದ್ದು ಎಂಬುದನ್ನು ಮಗಳು ನಮಗೆ ಅನೇಕ ಬಾರಿ ಹೇಳಿದ್ದಾಳೆ. ಕುಂಚ, ಕಾಗದಗಳ ಜೊತೆಗೆ ಅವಳು ಪೆನ್ ಟ್ಯಾಬ್ಲೆಟ್ಟಿನಲ್ಲಿಯೂ ಬರೆಯುತ್ತಾಳೆ. ಆದ್ದರಿಂದ ಈ ಖರೀದಿ ನಮ್ಮ ಮಟ್ಟಿಗೆ ಕೇವಲ ಮೋಜಿನದಾಗಿರಲಿಲ್ಲ.

ಇಂಗ್ಲಿಷ್ ಎಂ.ಎ. ಓದಿ ಕಡತಗಳ ನಡುವೆ ಬದುಕುವವರಿಗೆ ಸಾಕೆಟ್ಟು, ಚಿಪ್‌ಸೆಟ್ಟುಗಳ ಉಸಾಬರಿ ಏಕೆಂದು ಕೇಳಬಹುದು. ಒಮ್ಮೆ ಕೈ ಸುಟ್ಟುಕೊಂಡದ್ದರಿಂದ ಎಂಬುದೇ ಉತ್ತರ. 2019ರಲ್ಲಿ ಸೂರತ್ತಿನಲ್ಲಿದ್ದಾಗ ಅಂಗಡಿಯೊಂದರಲ್ಲಿ, ಅವರು ಹೇಳಿದ್ದನ್ನೇ ನಂಬಿ, ಅತ್ಯಂತ ಅಗ್ಗದ ಬೋರ್ಡನ್ನು ಕೊಂಡೆವು. ಮೆಮೊರಿಗೆ ಎರಡೇ ಸ್ಲಾಟು. ಎರಡರಲ್ಲಿಯೂ 4 ಜಿಬಿಯ ಪಟ್ಟಿ ತುಂಬಿ ಕೊಟ್ಟಿದ್ದರು. ಹೆಚ್ಚಿಸಬೇಕೆಂದರೆ ಇದ್ದದ್ದನ್ನು ಕಿತ್ತೆಸೆಯಬೇಕು. ಇಂಟೆಲ್‌ನ 1151 ಸಾಕೆಟ್ಟಿನ ಬೋರ್ಡು ಅದು. ಮರುವರ್ಷವೇ ಕಂಪನಿ 1200 ಎಂಬ ಬೇರೆ ಸಾಕೆಟ್ಟನ್ನು ತಂದಿತು. ನಮ್ಮ ಬೋರ್ಡಿಗೆ ಮುಂದಿನ ತಲೆಮಾರಿನ ಪ್ರೊಸೆಸರ್ ಇಲ್ಲದಾಯಿತು. ಅದೇ ಕಾಲದಲ್ಲಿ ವಡೋದರದ ಗೆಳೆಯರೊಬ್ಬರು ಎಎಂಡಿಯ ಎಎಂ4 ಸಾಕೆಟ್ಟಿನ ಸಾಧಾರಣ ಬೋರ್ಡೊಂದನ್ನು ಕೊಂಡಿದ್ದರು. ಬಯೋಸ್ ನವೀಕರಿಸಿ, 2022ರಲ್ಲಿ ಬಂದ ಪ್ರೊಸೆಸರನ್ನು ಅದರಲ್ಲಿಯೇ ಕೂರಿಸಿಕೊಂಡು ಇಂದಿಗೂ ಬಳಸುತ್ತಿದ್ದಾರೆ.

ಮನೆ ಕಟ್ಟುವವರು ಪಂಚಾಂಗ ಎನ್ನುತ್ತಾರಲ್ಲ, ಮದರ್‌ಬೋರ್ಡು ಹಾಗೆ. ಮೇಲಿನ ಅಂತಸ್ತನ್ನು ನಾಳೆ ಏರಿಸಬಹುದು, ಕಿಟಕಿಯನ್ನು ಬದಲಿಸಬಹುದು. ಪಂಚಾಂಗವನ್ನು ಮತ್ತೆ ಹಾಕಲು ಮನೆಯನ್ನೇ ಕೆಡವಬೇಕು. ಆದರೆ ಪಂಚಾಂಗಕ್ಕೆ ಯಾರೂ ಬಣ್ಣದ ದೀಪ ಹಚ್ಚುವುದಿಲ್ಲ. ಆಟದ ಓಟವನ್ನು ನಿರ್ಧರಿಸುವುದು ಮುಖ್ಯವಾಗಿ ಗ್ರಾಫಿಕ್ಸ್ ಕಾರ್ಡು, ನಂತರ ಪ್ರೊಸೆಸರು. ಅವೆರಡನ್ನು ಬದಲಿಸದೆ 15 ಸಾವಿರದ ಬೋರ್ಡಿನಿಂದ 34 ಸಾವಿರದ ಬೋರ್ಡಿಗೆ ಹಾರಿದರೆ ಆಟದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸವೇನೂ ಆಗದು. ಪೆಟ್ಟಿಗೆಯ ಮೇಲಿನ ‘ಗೇಮಿಂಗ್’ ಎಂಬ ಪದ ಮಾರಾಟದ ಪದವೇ ಹೊರತು ತಂತ್ರಜ್ಞಾನದ ಪದವಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಪ್ರೊಸೆಸರನ್ನು ಮಿತಿಮೀರಿ ಓಡಿಸುವ ಹವ್ಯಾಸಿಗಳ ಮಾತು ಬೇರೆ.

ಚಿತ್ರದ ಲೆಕ್ಕ ಇನ್ನೂ ಸ್ವಾರಸ್ಯವಾದದ್ದು. ಎ3 ಅಳತೆಯ ಹಾಳೆಯನ್ನು ಮುದ್ರಣಕ್ಕೆ ಬೇಕಾದ 300 ಡಿಪಿಐನಲ್ಲಿ ತೆರೆದರೆ 3508ಕ್ಕೆ 4961 ಚುಕ್ಕೆಗಳು, ಅಂದರೆ ಸುಮಾರು 1 ಕೋಟಿ 74 ಲಕ್ಷ. ಚುಕ್ಕೆಯೊಂದಕ್ಕೆ 4 ಬೈಟಿನಂತೆ ಒಂದು ತುಂಬಿದ ಪದರಕ್ಕೆ ಸುಮಾರು 70 ಎಂಬಿ. ಮೂವತ್ತು ಪದರಕ್ಕೆ 2 ಜಿಬಿ ದಾಟುತ್ತದೆ. ಬಣ್ಣದ ಸೂಕ್ಷ್ಮತೆಗಾಗಿ 16 ಬಿಟ್ ಆರಿಸಿಕೊಂಡರೆ ಅದರ ಇಮ್ಮಡಿ. ಗೆರೆ ತಪ್ಪಿದಾಗ ಹಿಂದಕ್ಕೆ ಮರಳಲು ತಂತ್ರಾಂಶ ನೆನಪಿಟ್ಟುಕೊಳ್ಳುವ ಹಂತಗಳು ಇದಕ್ಕೆ ಹೊರತು. ಮೆಮೊರಿ ಸಾಲದಾದಾಗ ತಂತ್ರಾಂಶ ಡಿಸ್ಕಿನ ಮೊರೆ ಹೋಗುತ್ತದೆ. ಕುಂಚ ಕೈಯ ಹಿಂದೆ ತೆವಳತೊಡಗುತ್ತದೆ. ಆದ್ದರಿಂದ ಚಿತ್ರ ಬರೆಯುವವರು ನೋಡಬೇಕಾದದ್ದು ನಾಲ್ಕು ಮೆಮೊರಿ ಸ್ಲಾಟುಗಳನ್ನು, ಕನಿಷ್ಠ ಎರಡು ಎಂ.2 ಜಾಗಗಳನ್ನು. ಡಿಡಿಆರ್5ರಲ್ಲಿ ನಾಲ್ಕೂ ಸ್ಲಾಟು ತುಂಬಿದರೆ ಮೆಮೊರಿಯ ವೇಗ ತಗ್ಗುತ್ತದೆ ಎಂಬುದು ನಿಜ. ಹಾಗಾಗಿ ಮೊದಲು ಎರಡು ಪಟ್ಟಿ ಹಾಕಿ, ಉಳಿದೆರಡನ್ನು ಕಷ್ಟಕಾಲಕ್ಕೆ ಬಿಡುವುದು ಲೇಸು.

ಇನ್ನೊಂದು ಸಂಗತಿ ಈ ನಾಡಿಗೇ ವಿಶೇಷ. 2016ರ ಮೇ 20ರಂದು ಅಹಮದಾಬಾದಿನ ತಾಪಮಾನ 48 ಡಿಗ್ರಿ ಮುಟ್ಟಿತ್ತು. ಪ್ರೊಸೆಸರಿಗೆ ವಿದ್ಯುತ್ತನ್ನು ಅಳೆದು ಉಣಿಸುವ ವಿಆರ್‌ಎಂ ಎಂಬ ಭಾಗ ಬೋರ್ಡಿನ ಮೇಲಿರುತ್ತದೆ, ದುಡಿದಷ್ಟೂ ಕಾಯುತ್ತದೆ. ಅಗ್ಗದ ಬೋರ್ಡುಗಳಲ್ಲಿ ಅದರ ಮೇಲೆ ಶಾಖ ಹೀರುವ ಲೋಹದ ಹೊದಿಕೆ ಇರುವುದಿಲ್ಲ. ನಮ್ಮ ಸೂರತ್ತಿನ ಬೋರ್ಡು ವರ್ಗಾವಣೆಯಲ್ಲಿ ನಮ್ಮೊಡನೆ ಲಾರಿ ಹತ್ತಿ ವಡೋದರಕ್ಕೆ, ಅಲ್ಲಿಂದ ಅಹಮದಾಬಾದಿಗೆ ಬಂತು. ಕಳೆದ ಬೇಸಿಗೆಯ ಒಂದು ಮಧ್ಯಾಹ್ನ, ಮಗಳು ಚಿತ್ರವನ್ನು ಉಳಿಸುತ್ತಿದ್ದ ಕ್ಷಣದಲ್ಲಿಯೇ ಯಂತ್ರ ಆರಿಹೋಯಿತು. ಎರಡು ವಾರ ಕೂತು ಬರೆದ ಫೈಲು ಮತ್ತೆ ತೆರೆಯಲಿಲ್ಲ. ಶಾಖವೇ ಕಾರಣವೆಂದು ರಿಪೇರಿಯವರು ಹೇಳಿದರು. ಬೇರೆಡೆ ಪ್ರತಿ ಇಟ್ಟುಕೊಳ್ಳಬೇಕೆಂದು ಹೇಳಿಕೊಡದಿದ್ದ ತಪ್ಪು ನಮ್ಮದೂ ಹೌದು. ಅವಳು ಅಳಲಿಲ್ಲ; ಎರಡು ತಿಂಗಳು ಪೆನ್ ಮುಟ್ಟಲಿಲ್ಲ, ಅಷ್ಟೆ.

ಈ ಸಲ ಅಂಗಡಿಯವನಿಗೆ ನಮ್ಮ ಪಟ್ಟಿಯನ್ನೇ ಕೊಟ್ಟೆವು: ಎಎಂ5 ಸಾಕೆಟ್, ಬಿ650 ಚಿಪ್‌ಸೆಟ್, ನಾಲ್ಕು ಮೆಮೊರಿ ಸ್ಲಾಟು, ಎರಡು ಎಂ.2, ವಿಆರ್‌ಎಂ ಮೇಲೆ ದಪ್ಪನೆಯ ಹೊದಿಕೆ, ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವಿನಿಂದ ಬಯೋಸ್ ನವೀಕರಿಸುವ ಗುಂಡಿ. 2022ರಲ್ಲಿ ಬಂದ ಎಎಂ5ನ್ನು 2027ರವರೆಗೂ, ಅದರಾಚೆಗೂ ಬೆಂಬಲಿಸುವುದಾಗಿ ಕಂಪನಿ ಹೇಳಿದೆ. ಮಾತು ಉಳಿಸಿಕೊಂಡರೆ ಇನ್ನೊಂದು ಪ್ರೊಸೆಸರಿಗೆ ಇದೇ ಬೋರ್ಡು ಸಾಕು. ಅಂಗಡಿಯವನು ಪಟ್ಟಿಯನ್ನು ಎರಡು ಸಲ ಓದಿ, ಗಾಜಿನ ಪೆಟ್ಟಿಗೆಯ ಮಾತನ್ನು ಕೈಬಿಟ್ಟು, ಒಳಗಿನಿಂದ ಧೂಳು ಹಿಡಿದ ಡಬ್ಬಿಯೊಂದನ್ನು ತಂದ. ತೆರಿಗೆ ಸೇರಿ 16 ಸಾವಿರ.

ಉಳಿದ 18 ಸಾವಿರ ನಮ್ಮ ಜೇಬಿಗೆ ಮರಳಲಿಲ್ಲ. 2025ರ ಕೊನೆಯ ತಿಂಗಳುಗಳಿಂದ ಮೆಮೊರಿಯ ಬೆಲೆ ಗಗನಕ್ಕೇರಿದೆ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಚಿಪ್ಪುಗಳನ್ನೆಲ್ಲ ನುಂಗುತ್ತಿವೆ. ಊರಿನಾಚೆಯ ಸಾಣಂದದಲ್ಲಿ ಮೆಮೊರಿ ಚಿಪ್ಪುಗಳನ್ನು ಜೋಡಿಸಿ ಪರೀಕ್ಷಿಸುವ ಮೈಕ್ರಾನ್ ಘಟಕಕ್ಕೆ 2023ರಲ್ಲಿ ಅಡಿಗಲ್ಲು ಬಿದ್ದದ್ದು ರಿಲೀಫ್ ರಸ್ತೆಯ ದರಕ್ಕೇನೂ ನೆರವಾದಂತೆ ಕಾಣಲಿಲ್ಲ. 16 ಜಿಬಿಯ ಎರಡು ಪಟ್ಟಿಗೆ ಆ ಹಣವೂ ಸಾಲದೆ ಇನ್ನಷ್ಟು ಸೇರಿಸಬೇಕಾಯಿತು.

ಜೋಡಿಸಿ ಮುಗಿದ ಮೇಲೆ ಮಗ ಪೆಟ್ಟಿಗೆಯ ಸುತ್ತ ಒಂದು ಪ್ರದಕ್ಷಿಣೆ ಬಂದು, “ಅಪ್ಪ, ಒಳಗೆ ಒಂದು ಲೈಟೂ ಇಲ್ವಲ್ಲ” ಎಂದು ಮುಖ ಸಣ್ಣದು ಮಾಡಿದ. ಆಟ ಶುರುವಾದ ಮೇಲೆ ಅವನಿಗೆ ಆ ಮಾತು ನೆನಪಿದ್ದಂತಿಲ್ಲ. ಮಗಳು ಕೆಟ್ಟುಹೋದ ಆ ಚಿತ್ರವನ್ನೇ ಮೊದಲಿನಿಂದ ಬರೆಯುತ್ತಿದ್ದಾಳೆ. ನಿನ್ನೆ ರಾತ್ರಿ ಇಣುಕಿ ನೋಡಿದಾಗ ಪದರಗಳು 41 ಆಗಿದ್ದವು. ಪ್ರತಿಯೊಂದು ಪಕ್ಕದ ಡ್ರೈವಿಗೆ ಹೋಗುತ್ತಿತ್ತು.