ಹದ, ಬೆದೆ ಮತ್ತು ಒಂದು ಸಮೀಕರಣ

ಈಸ್ಟ್ ಹ್ಯಾಮ್‌ನ ಹೈ ಸ್ಟ್ರೀಟ್ ನಾರ್ತ್‌ನಲ್ಲಿ ರಾಗಿಹಿಟ್ಟು ಸಿಗುತ್ತೆ. ರಾಗಿ ಹೊಲದ ಸುದ್ದಿ ಮಾತ್ರ ಫೋನಿನಲ್ಲೇ ಬರಬೇಕು. ಮೊನ್ನೆ ತುಮಕೂರು ಕಡೆಯಿಂದ ಅಪ್ಪನ ವರದಿ: "ಮಳೆ ಏನೋ ಚೆನ್ನಾಗೇ ಹುಯ್ತು ಕಣೋ, ನೀರು ಇಂಗಲಿಲ್ಲ, ಹರ್ಕೊಂಡ್ ಹೋಯ್ತು." ಮಣ್ಣು ಅದೇ ಕೆಂಪು ಮಣ್ಣು. ನನ್ನ ಅನುಮಾನ ಟ್ರ್ಯಾಕ್ಟರ್ ಮೇಲೆ. ಹಸಿ ನೆಲದಲ್ಲಿ ಅದು ಓಡಾಡಿದಷ್ಟೂ ಮಣ್ಣು ಒತ್ತಿಕೊಳ್ಳುತ್ತೆ.

ಒತ್ತಿಕೊಂಡ್ರೆ ಏನಾಗುತ್ತೆ? ಸಣ್ಣ ಲೆಕ್ಕ ಹಾಕೋಣ. ಮಣ್ಣಿನ ಕಣದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 2.65 ಗ್ರಾಂ. ಸಂದುಗೊಂದುಗಳೂ ಸೇರಿದ ಒಣ ಮಣ್ಣು 1.3 ಗ್ರಾಂ ತೂಗಿದರೆ, ಅದರಲ್ಲಿ 51% ಬರೀ ಸಂದು. ಒತ್ತಿ 1.6 ಆದರೆ 40%. ಅಂದ್ರೆ ಒಂದಡಿ ದಪ್ಪದ ಪದರದಲ್ಲಿ ಸುಮಾರು 34 ಮಿ.ಮೀ. ನೀರಿನ ಜಾಗ ಮಾಯ!

ಮಜಾ ಇರೋದು ಮುಂದೆ. ಎಲ್ಲ ಸಂದುಗಳೂ ಸಮನಾಗಿ ಕುಗ್ಗಲ್ಲ. ಮಳೆಯನ್ನು ಒಳಗೆ ಬಿಟ್ಟುಕೊಳ್ಳೋ ದೊಡ್ಡ ಸಂದುಗಳು ಮೊದಲು ಮುಚ್ಚಿಹೋಗ್ತವೆ. 0.2 ಮೈಕ್ರಾನ್‌ಗಿಂತ ಸಣ್ಣವು ಹಾಗೇ ಉಳೀತವೆ. ಆದ್ರೆ ಅಲ್ಲಿರೋ ನೀರನ್ನು ಮಣ್ಣು ಎಷ್ಟು ಬಿಗಿಯಾಗಿ ಹಿಡಿದಿರುತ್ತೆ ಅಂದ್ರೆ, ಬಹುತೇಕ ಬೆಳೆಗಳ ಬೇರಿಗೆ ಅದನ್ನು ಹೀರೋಕೆ ಆಗಲ್ಲ. ಮಣ್ಣಲ್ಲಿ ನೀರಿದೆ, ಪೈರು ಬಾಡ್ತಿದೆ!

ಎಷ್ಟು ಎಳೆದರೆ ಎಷ್ಟು ನೀರು ಉಳಿಯುತ್ತೆ ಅನ್ನೋ ಗ್ರಾಫಿಗೆ ವಾನ್ ಗೆನುಖ್ಟನ್ 1980ರಲ್ಲಿ ಕೊಟ್ಟ ಸಮೀಕರಣ ಇಂದಿಗೂ ಬಳಕೆಯಲ್ಲಿದೆ. ಆದ್ರೆ ಒಂದು ಸಾಂದ್ರತೆಯಲ್ಲಿ ಅಳೆದ ಗ್ರಾಫನ್ನು ಇನ್ನೊಂದಕ್ಕೆ ಸುಮ್ಮನೆ ಒಂದು ಸಂಖ್ಯೆಯಿಂದ ಗುಣಿಸಿ ಒಗ್ಗಿಸೋಕೆ ಆಗಲ್ಲ, ನೀರು ಹೆಚ್ಚಿರೋ ತುದಿ ಕುಸಿಯುತ್ತೆ, ಒಣ ತುದಿ ಅಷ್ಟಾಗಿ ಅಲುಗಲ್ಲ. ಸಾಂದ್ರತೆ ಬದಲಾದಾಗ ಇಡೀ ಗ್ರಾಫಿನ ಆಕಾರ ಹೇಗೆ ಬದಲಾಗುತ್ತೆ ಅಂತ ಊಹಿಸೋ ದಾರಿಯನ್ನು ಇಸ್ರೇಲಿನ ಅಸೌಲಿನ್ 2006ರಲ್ಲಿ ತೋರಿಸಿದರು. ಹೊಸದಾಗಿ ಅಳೆಯದೆ ಅಂದಾಜು ಮಾಡಬಹುದು ಅನ್ನೋದೇ ಇದರ ಲಾಭ.

ನಮ್ಮೂರಲ್ಲಿ ಯಾರೂ ಸಮೀಕರಣ ಬಿಡಿಸಿ ಉಳಲ್ಲ, ಬಿಡಿ. "ಹದ ನೋಡಿ ಹರಗು, ಬೆದೆ ನೋಡಿ ಬಿತ್ತು" ಅನ್ನೋ ಗಾದೆಯಿದೆಯಲ್ಲ, ಅದರ ಅರ್ಧ ವಿಜ್ಞಾನ ಇದೇ. ಕಷ್ಟ ಏನಪ್ಪಾ ಅಂದ್ರೆ, ಬಾಡಿಗೆ ಟ್ರ್ಯಾಕ್ಟರ್ ತನ್ನ ಸರದಿ ಬಂದಾಗ ಬರುತ್ತೆ, ಹದ ಬಂದಾಗಲ್ಲ. ನಿಮ್ಮ ಕಡೆ ಇದಕ್ಕೇನು ಮಾಡ್ತಾರೆ? ಗೊತ್ತಿದ್ದವರು ಹೇಳಿ, ಊರಿಗೆ ದಾಟಿಸ್ತೀನಿ.