ಎಂಜಿನ್ನಿಗೂ ಒಗ್ಗದ ಕಿರುದಾರಿ

ಕೋಡಿಬಾಗದಿಂದ ಕಾರವಾರದ ಪೇಟೆಗೆ, ಕೇಣಿಯಿಂದ ಅಂಕೋಲೆಯ ಬಸ್ ನಿಲ್ದಾಣಕ್ಕೆ ನಿತ್ಯವೂ ಕಾರಿನಲ್ಲೇ ಹೋಗಿಬರುವುದು ಪ್ರತಿಷ್ಠೆಯ ಲಕ್ಷಣವಾಗುತ್ತಿದೆ. ‘ಇಷ್ಟು ದೂರಕ್ಕೆ ಎಷ್ಟು ಮಹಾ ಪೆಟ್ರೋಲು?’ ಎಂಬುದು ಅದಕ್ಕೆ ಕೊಡುವ ಸಮರ್ಥನೆ. ಈ ಲೆಕ್ಕವನ್ನು ಎಂಜಿನ್ನೇ ಸುಳ್ಳಾಗಿಸುತ್ತದೆ.

ತಣ್ಣಗಿರುವ ಎಂಜಿನ್ ಹೆಚ್ಚು ಪೆಟ್ರೋಲು ಬೇಡುತ್ತದೆ. ಉರಿಯದೆ ಉಳಿದ ಅಂಶವು ಸಿಲಿಂಡರಿನ ಗೋಡೆಯ ಎಣ್ಣೆಯ ಪದರವನ್ನು ತೊಳೆದು, ಎಂಜಿನ್ ಆಯಿಲಿಗೆ ಬೆರೆತು ಅದನ್ನು ತೆಳುವಾಗಿಸುತ್ತದೆ, ಸವೆತ ಹೆಚ್ಚುತ್ತದೆ. 1 ಲೀಟರ್ ಪೆಟ್ರೋಲು ಉರಿದರೆ ಸುಮಾರು 1 ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಎಂಜಿನ್ ಪೂರ್ತಿ ಬಿಸಿಯೇರುವ ಮುನ್ನವೇ ಪಯಣ ಮುಗಿದರೆ, ಅದರಲ್ಲಿ ಸ್ವಲ್ಪ ಭಾಗ ಆಯಿಲಿನಲ್ಲೂ ಸೈಲೆನ್ಸರಿನಲ್ಲೂ ನೀರಾಗಿ ನಿಲ್ಲುತ್ತದೆ. ಕಡಲಿನ ಉಪ್ಪುಗಾಳಿ ಹೊರಗಿನಿಂದ ತಿನ್ನುವ ಕಬ್ಬಿಣವನ್ನು ಈ ನೀರು ಒಳಗಿನಿಂದ ತಿನ್ನುತ್ತದೆ. ಸ್ಟಾರ್ಟ್ ಮಾಡುವಾಗ ಬ್ಯಾಟರಿ ಕಳೆದುಕೊಂಡ ಶಕ್ತಿಯೂ ಪೂರ್ತಿ ಮರಳುವುದಿಲ್ಲ.

ನಷ್ಟ ಕಾರಿನ ಒಡೆಯನದಷ್ಟೇ ಆಗಿದ್ದರೆ ಮಾತು ಬೇಕಿರಲಿಲ್ಲ. ಹೊಗೆಯ ವಿಷವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸುಮಾರು 250–300 ಡಿಗ್ರಿ ಸೆಲ್ಸಿಯಸ್ ತಲುಪಿದ ಮೇಲಷ್ಟೇ ಸರಿಯಾಗಿ ಕೆಲಸ ಮಾಡುತ್ತದೆ. ಅದಕ್ಕೂ ಮೊದಲು ಉಗುಳಿದ ವಿಷ ಯಾರ ಪಾಲಿಗೆ? ಅದೇ ರಸ್ತೆಯ ಅಂಚಿನಲ್ಲಿ ಶಾಲೆಗೆ ನಡೆಯುವ ಮಕ್ಕಳ ಪಾಲಿಗೆ, ಮೀನುಬುಟ್ಟಿ ಹೊತ್ತು ಪೇಟೆಗೆ ಬರುವ ಹೆಂಗಸರ ಪಾಲಿಗೆ.

ನಿಂತಲ್ಲೇ ಎಂಜಿನ್ ಓಡಿಸಿ ಬಿಸಿಮಾಡುವುದು ಪರಿಹಾರವಲ್ಲ; ಅದು ಇನ್ನಷ್ಟು ಹೊಗೆ, ಇನ್ನಷ್ಟು ಖರ್ಚು. ಎರಡು ಕಿಲೋಮೀಟರು ಕಾಲಿಗೆ, ಸೈಕಲ್ಲಿಗೆ ಸೇರಿದ ದೂರ. ಕಾರು ಅನಿವಾರ್ಯವಾದವರು ಹಲವು ಕೆಲಸಗಳನ್ನು ಒಂದೇ ಪಯಣಕ್ಕೆ ಕೂಡಿಸಲಿ. ಸ್ಥಳೀಯ ಆಡಳಿತಗಳು ನಡೆಯುವವರಿಗೆ ಸುರಕ್ಷಿತ ಕಾಲುದಾರಿ ಒದಗಿಸಲಿ. ಕಾರಿಗೂ ಊರಿಗೂ ಹಿತವಲ್ಲದ ಸವಾರಿಯನ್ನು ಅನುಕೂಲವೆಂದು ಕರೆಯುವುದು ಇನ್ನಾದರೂ ನಿಲ್ಲಲಿ.