ಭತ್ಯೆಯ ಜೊತೆಗೆ ದಾರಿಯೂ ಬೇಕು

ಯುವನಿಧಿ ಯೋಜನೆಯಡಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ ಗರಿಷ್ಠ ಎರಡು ವರ್ಷ ಸಿಗುತ್ತದೆ. ಪರೀಕ್ಷೆಗಳ ಅರ್ಜಿ ಶುಲ್ಕಕ್ಕೂ ಅಪ್ಪನ ಮುಂದೆ ಕೈಚಾಚುತ್ತಿದ್ದ ಮಕ್ಕಳಿಗೆ ಇದು ದೊಡ್ಡ ಆಸರೆ. ಆದರೆ ಆ ಅವಧಿ ಮುಗಿದ ಮೇಲೆ ಮುಂದೇನು? ಅರಕಲಗೂಡು ಸೀಮೆಯಲ್ಲಿ ಆಲೂಗಡ್ಡೆ, ಹೊಗೆಸೊಪ್ಪು ಬೆಳೆದು ಮಕ್ಕಳನ್ನು ಓದಿಸಿದ ನಮ್ಮಂಥವರಿಗೆ ಮುಂದಿನ ದಾರಿ ಹೇಳಲು ಗೊತ್ತಿಲ್ಲ. ಬಿ.ಎ. ಮುಗಿಸಿದ ನನ್ನ ಮಗಳು ಯಾವ ತರಬೇತಿ ಪಡೆಯಬೇಕೆಂದು ತಿಳಿಯದೆ ಕೂತಿದ್ದಾಳೆ. ಬೆಂಗಳೂರಿನಲ್ಲಿ ಕೆಲಸ ಕಳೆದುಕೊಂಡು ಊರಿಗೆ ಮರಳಿದವರ ಪಾಡೂ ಇದೇ. ಹಾಸನದ ಉದ್ಯೋಗ ವಿನಿಮಯ ಕಚೇರಿಯ ಅಧಿಕಾರಿಗಳು ತಿಂಗಳಿಗೊಮ್ಮೆಯಾದರೂ ಅರಕಲಗೂಡಿಗೆ ಬಂದು, ಒಬ್ಬೊಬ್ಬರನ್ನೂ ಕೂರಿಸಿಕೊಂಡು ಮಾರ್ಗದರ್ಶನ ನೀಡಲಿ. ಹಣ ಕೈ ಹಿಡಿದಿದೆ, ಸಲಹೆ ಕೈ ಹಿಡಿದು ನಡೆಸಲಿ.

– ಪದವೀಧರೆಯೊಬ್ಬಳ ತಂದೆ, ಅರಕಲಗೂಡು